ಚಿಗರಿ ಮರಿ ಮಲಗಿದ ಜಾಗ

"ಮತ್ತ ಎಡಕ್ಕ ವಾಲಾಕತ್ತೈತಿ ನೋಡ್ರಿ. ಬಲಕ್ಕ ಜಗ್ಗಿ ಕಟ್ರಿ," ಎಂದು ಮಹಾಂತಯ್ಯ ಹೇಳಿದ. ಇಬ್ಬರು ಗಂಡಸರು ಶಿವಯೋಗೀಶನ ಹಣೆಗೆ ಸುತ್ತಿದ್ದ ಬಿಳಿ ಪಟ್ಟಿಯನ್ನು ಇನ್ನೊಮ್ಮೆ ಬಿಚ್ಚಿ ಗೋಡೆಯ ಗೂಟಕ್ಕೆ ಬಿಗಿದರು. ತಲೆ ನೆಟ್ಟಗಾಯಿತು. ಕೈ ಬಿಟ್ಟೊಡನೆ ಮೆಲ್ಲಗೆ ಮತ್ತೆ ಎಡಕ್ಕೇ ಬಂತು.

ಮುರಿಗೆವ್ವ ನೋಡಿ ನೋಡಿ ಸಾಕಾಗಿ ಬಾಯಿ ಬಿಟ್ಟಳು. "ಬಿಡ್ರಿ ಅದನ್ನ. ಜಲ್ಮಾನಪೂರ್ತಿ ಆ ಹೆಗಲಿಗೆ ಕ್ಯಾಮೆರಾದ ಚೀಲ ಜೋತು ಬಿದ್ದಿತ್ತು. ಇದ್ದಾಗ ನೆಟ್ಟಗಾಗಲಿಲ್ಲ, ಈಗ ಆಗ್ತೈತೇನು?"

ಮಹಾಂತಯ್ಯ ತಮ್ಮನ ಹೆಂಡತಿಯನ್ನು ಒಮ್ಮೆ ನೋಡಿ, ಗಂಡಸರಿಗೆ ಬಿಡಿ ಎಂದು ಕೈ ಮಾಡಿದ. ಹಾಗೆ ಸ್ವಲ್ಪ ಓರೆಯಾಗಿಯೇ ಶಿವಯೋಗೀಶ ಕೂತ. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ, ಕೊರಳಿಗೆ ಸೇವಂತಿಗೆ ಹಾರ. ರಾಯಾಪುರದ ಆ ಪುಟ್ಟ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಣಿಯ ಹೆಂಗಸೊಬ್ಬಳು, "ಪುಣ್ಯವಂತರು, ಯಾರ ಕೈಲೂ ಮಾಡಿಸ್ಕೊಳ್ಳದ ಹೋದರು," ಎಂದಳು. ಮೂರು ತಿಂಗಳು ಅವನನ್ನು ಎತ್ತಿ ಕೂರಿಸಿ, ಮಲಗಿಸಿ ರಟ್ಟೆ ಬಿದ್ದುಹೋಗಿದ್ದ ಮುರಿಗೆವ್ವ, ಇರಲಿ, ಹಂಗೇ ಅಂದುಕೊಳ್ಳಲಿ ಎಂದು ಸೆರಗು ಹೊದ್ದು ಕೂತಳು. ಎದುರಾಡಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ.

ಬಂದವರೆಲ್ಲ ಕೂಡಿಸಿದ ಹೆಣದ ಹಿಂದೆ ಸಾಲಾಗಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹಿಂದೆಲ್ಲ ಸ್ಟುಡಿಯೊದವರನ್ನು ಕರೆಸುತ್ತಿದ್ದರು, ಈಗ ಆ ತ್ರಾಸು ಇಲ್ಲ. ಮಗಳು ಐಶ್ವರ್ಯಾ ಅಳುತ್ತಲೇ ಕೈ ಚಾಚಿದಳು. "ಅವ್ವಾ, ನೀನೂ ಬಾ. ಅಪ್ಪಾಜಿ ಜೋಡಿ ಒಂದು ಇರ್ಲಿ."

"ಇದ್ದಾಗೇ ತಗೀಲಿಲ್ಲ ನಂದೊಂದು ಫೋಟೊ," ಎಂದಳು ಮುರಿಗೆವ್ವ. "ನಾ ಏನು ಚಿಗರಿ ಮರಿ ಏನು?"

ಯಾರೋ ಕಿಸಕ್ಕೆಂದು ನಕ್ಕು, ಸಾವಿನ ಮನೆಯೆಂಬುದು ನೆನಪಾಗಿ ಕೆಮ್ಮಿದರು. ಅವಳು ಸುಳ್ಳೇನೂ ಹೇಳಿರಲಿಲ್ಲ. ಶಿವಯೋಗೀಶ ಅಣ್ಣನ ಅರಳೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಮನುಷ್ಯ. ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಮಾಯ. ಹುಲಿ, ಚಿರತೆ ಎಂದು ಬೆನ್ನು ಹತ್ತಿದವನಲ್ಲ. ಅವನಿಗೆ ಬೇಕಿದ್ದದ್ದು ಆಗಷ್ಟೇ ಹುಟ್ಟಿದ ಮರಿಗಳು. ಕಣ್ಣು ಅರಳಿಸಿದ ಮೊಲದ ಮರಿ, ಟಿಟ್ಟಿಬದ ಮರಿ, ಎಲ್ಲಕ್ಕಿಂತ ಹೆಚ್ಚಾಗಿ ಹುಲ್ಲಿನಲ್ಲಿ ಕಿವಿ ಮಡಚಿ ಮಲಗಿದ, ಜಿಂಕೆ ಜಾತಿಯ ಚಿಗರಿ ಮರಿ. ಈಚಿನ ವರ್ಷಗಳಲ್ಲಿ ಎಲ್ಲಿ ತೆಗೆದದ್ದು ಎಂದು ಕೇಳಿದರೆ "ರಾಣೆಬೆನ್ನೂರ ಕಡೆ" ಎನ್ನುತ್ತಿದ್ದ. ಅಷ್ಟು ದೂರ ಹೋಗುವವನಲ್ಲವೇ ಎಂದು ಅವಳು ಬೆಳಗಿನ ಜಾವವೇ ಎದ್ದು ಎರಡು ಹೊತ್ತಿಗಾಗುವಷ್ಟು ರೊಟ್ಟಿ ತಟ್ಟಿ ಕಟ್ಟಿಕೊಡುತ್ತಿದ್ದಳು.

ಮಹಾಂತಯ್ಯನ ಫೋನು ರಿಂಗಾಯಿತು. ಉಪ್ಪಿನಬೆಟಗೇರಿಯ ಮನೆತನದ ಹೊಲದಿಂದ, ಅದನ್ನು ನೋಡಿಕೊಳ್ಳುವ ಗಂಗಪ್ಪ. ಬೆಳಿಗ್ಗೆಯೇ ಕುಣಿ ತೋಡಲು ಆಳು ಕರೆದುಕೊಂಡು ಹೋಗಿದ್ದ. ಮಹಾಂತಯ್ಯನಿಗೆ ಕಿವಿ ಮಂದ, ಫೋನನ್ನು ಸ್ಪೀಕರಿಗೇ ಹಾಕುವ ರೂಢಿ. ಗಂಗಪ್ಪನ ದನಿ ಪಡಸಾಲೆಗೆಲ್ಲ ಕೇಳಿಸಿತು.

"ಯಜಮಾನ್ರ, ನಿಮ್ಮ ಅಪ್ಪಾರ ಸಮಾಧಿ ಬಾಜೂಕ ಗುದ್ದಲಿ ಹಾಕಬೇಕಂದ್ವಿ, ಹುಲ್ಲಾಗ ಚಿಗರಿ ಮರಿ ಮಲಗೈತ್ರಿ. ಇವತ್ತೇ ಹುಟ್ಟಿದ್ದು. ಹೊಕ್ಕಳ ಬಳ್ಳಿ ಇನ್ನೂ ಹಸೀ ಐತಿ. ಏನ್ಮಾಡೂಣ್ರಿ?"

"ಅದರಾಗ ಕೇಳೂದೇನೈತೋ. ಎತ್ತಿ ಬದುವಿನಾಚೆ ಇಡು. ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕು."

"ಮುಟ್ಟಬ್ಯಾಡ ಅನ್ರಿ ಅವಂಗ," ಎಂದಳು ಮುರಿಗೆವ್ವ.

ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಇಡೀ ಪಡಸಾಲೆ ಅವಳ ಕಡೆ ತಿರುಗಿತು.

*

ಐಶ್ವರ್ಯಾಳ ಮದುವೆಯಾದ ವರ್ಷ ಶಿವಯೋಗೀಶ ಒಂದು ಚಿಗರಿ ಮರಿಯ ಫೋಟೊ ತೆಗೆದು, ಹಿಗ್ಗಿನಿಂದ ಫೋಟೊದವರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಕೆಳಗೆ ಊರಿನ ಹೆಸರನ್ನೂ ಬರೆದಿದ್ದ. ತನ್ನದೇ ಹೊಲ, ತನ್ನದೇ ಊರು ಎಂಬ ಹೆಮ್ಮೆ, ಇನ್ನೇನು.

ಮರುದಿನ ಹುಬ್ಬಳ್ಳಿಯಿಂದ, ಧಾರವಾಡದಿಂದ ಕಾರುಗಳು ಬಂದವು. ಒಬ್ಬರು ಮರಿಯನ್ನು ತೊಡೆಯ ಮೇಲಿಟ್ಟುಕೊಂಡರು, ಇನ್ನೊಬ್ಬರು ಬಾಟಲಿಯ ಹಾಲು ಬಾಯಿಗಿಟ್ಟರು. ಪಾಪ, ತಬ್ಬಲಿ ಎಂದು ಮರುಗಿದವರೇ ಎಲ್ಲ. ಸುದ್ದಿ ತಿಳಿದು ಶಿವಯೋಗೀಶ ಹೊಲ ತಲುಪುವಷ್ಟರಲ್ಲಿ ಸಂಜೆಯಾಗಿತ್ತು. ದೂರದಲ್ಲಿ ನಿಂತು ನಿಂತು ತಾಯಿ ಹೋಗಿಬಿಟ್ಟಿತ್ತು. ಅವನು ಮರಿಯನ್ನು ಅಂಗಿಯೊಳಗಿಟ್ಟು ಮನೆಗೆ ತಂದ. ಮುರಿಗೆವ್ವ ಅರಳೆಯನ್ನು ಹಾಲಿಗದ್ದಿ ಬಾಯಿಗೆ ಹಿಂಡಿದಳು. ಅದು ನುಂಗಲಿಲ್ಲ. ಬೆಳಗಾಗುವುದರೊಳಗೆ ಅಡಿಗೆಮನೆಯ ನೆಲದ ಮೇಲೆ ತಣ್ಣಗಾಗಿತ್ತು.

"ತಬ್ಬಲಿ ಇರಲಿಲ್ಲ ಮುರಿಗಿ ಅದು," ಎಂದಿದ್ದ ಅವನು, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು. "ಮರಿ ಅಡಗಿಸಿ ತಾಯಿ ಮೇಯಾಕ ಹೋಗಿರ್ತಾಳ. ಮಂದಿ ಬೆನ್ನು ತಿರುವಿ ದೂರ ಹೋಗೂತನಕ ಹೊಳ್ಳಿ ಬರಂಗಿಲ್ಲ. ಊರ ಹೆಸರು ಬರೆದೆ ನೋಡು, ನಾನೇ ಕೊಂದೆ."

"ಸಾಕಿನ್ನ. ಆ ಹೊಲದ ಕಡೆ ಹೋಗಬ್ಯಾಡ್ರಿ ನೀವು," ಎಂದಿದ್ದಳು ಅವಳು.

"ಹೋಗಂಗಿಲ್ಲ," ಎಂದಿದ್ದ. ಅವಳು ನಂಬಿದ್ದಳು.

*

"ಅದೇ ಜಾಗಾರಿ ವೈನಿ," ಎಂದ ರಿಯಾಜ. ಬಾಗಿಲ ಬಳಿ ಚಪ್ಪಲಿಗಳ ನಡುವೆ ಬೆಳಗಿನಿಂದ ನಿಂತೇ ಇದ್ದ. ಬಸ್ ನಿಲ್ದಾಣದ ಹತ್ತಿರ ಸ್ಟುಡಿಯೊ ಇಟ್ಟವನು, ಶಿವಯೋಗೀಶನ ಭಾನುವಾರದ ಜೊತೆಗಾರ. "ಜ್ವಾಳ, ಕಡಲಿ ಕಿತ್ತ ಮ್ಯಾಲೆ ಸುತ್ತ ಎಲ್ಲಾ ಬೋಳು ಎರಿಭೂಮಿ. ನಿಮ್ಮ ಮಾವಾರ ಸಮಾಧಿ ಸುತ್ತ ಒಂದೀಟು ನೇಗಿಲ ಹಾಯಿಸಂಗಿಲ್ಲಲ್ಲ, ಹುಲ್ಲು ಅಂತ ಉಳಿಯೂದು ಅಲ್ಲೊಂದೇ. ವರ್ಷಾ ವರ್ಷಾ ಅಲ್ಲೇ ಈಯ್ತಾವ. ಎಲ್ಲಾ ಫೋಟೊ ಅಲ್ಲೇ ತಗದದ್ದರಿ."

"ರಾಣೆಬೆನ್ನೂರ ಅಂತಿದ್ರಲ್ಲೋ."

"ಎಲ್ಲಾರಿಗೂ ಹಂಗ ಹೇಳೂದಂತ ಮಾಡಿದ್ವಿರಿ. ಒಬ್ಬರಿಗೆ ಖರೇ ಹೇಳಿದ್ರ ಊರಿಗೆಲ್ಲಾ ಹೇಳಿದಂಗ ಅಂತಿದ್ರು ಅವರು."

ಮುರಿಗೆವ್ವ ಗಂಡನ ಮುಖ ನೋಡಿದಳು. ಇಷ್ಟು ವರ್ಷದ ರೊಟ್ಟಿ, ಇಷ್ಟು ವರ್ಷದ ಕಾಯುವಿಕೆ. ಕತ್ತಲಾದರೆ ಯಾವ ರಸ್ತೆಯಲ್ಲಿ ಏನಾಯಿತೋ ಎಂದು ಹೊಸ್ತಿಲಲ್ಲಿ ಕೂತ ಇಷ್ಟು ಸಂಜೆ. ಈ ಮನುಷ್ಯ ಗಂಟೆಯ ಹಾದಿಯ ಊರಲ್ಲಿ ಅಪ್ಪನ ಸಮಾಧಿಯ ಎದುರು ಕ್ಯಾಮೆರಾ ಹಿಡಿದು ಬೋರಲಾಗಿ ಮಲಗಿದ್ದ. ಅವಳಿಗೆ ಸಿಟ್ಟು ಬಂತು. ಎದ್ದು ಕೇಳೋಣವೆಂದರೆ ಕೇಳಿಸಿಕೊಳ್ಳುವವನು ಓರೆ ಕೊರಳು ಮಾಡಿ ಕೂತಿದ್ದ. ನನ್ನನ್ನೂ ಆ ಕಾರಿನವರ ಸಾಲಿಗೇ ಸೇರಿಸಿದ್ರಲ್ಲ ಎಂಬುದೊಂದು ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಮಹಾಂತಯ್ಯ ಅವಳ ಎದುರು ಕಷ್ಟಪಟ್ಟು ಕೂತ. ಅವನ ಕಣ್ಣೂ ಕೆಂಪಾಗಿದ್ದವು. "ನೋಡವಾ, ಮನುಷ್ಯಾನ ಕಿಂತಾ ಮರಿ ದೊಡ್ಡದಲ್ಲ. ಅಪ್ಪ, ಅವ್ವ ಅಲ್ಲೇ ಅದಾರ. ಅವರ ಮಗ್ಗಲದಾಗ ಇವಂಗ ಜಾಗಾ, ಇವನ ಬಾಜೂಕ ನಿನಗ. ಇವತ್ತ ಇವನ್ನ ಬ್ಯಾರೆ ಕಡೆ ಇಟ್ರ ನಾಳೆ ನಿಂದೂ ಅಲ್ಲಿ ಆಗಂಗಿಲ್ಲ. ವಿಚಾರ ಮಾಡು."

ಅದನ್ನು ಅವಳಿಗೆ ಹೇಳಬೇಕಿರಲಿಲ್ಲ. ಅತ್ತೆ ಸಾಯುವಾಗ ಅವಳ ಕೈ ಹಿಡಿದು, ಕಡೀಕ ನನ್ನ ಹಂತೇಕ ಬಾರವಾ ಎಂದಿದ್ದಳು. ತವರಿನಲ್ಲಿ ಐದನೆಯ ಹೆಣ್ಣು, ಇಲ್ಲಿ ಭಾವನ ಅಂಗಡಿಯ ಲೆಕ್ಕದವನ ಹೆಂಡತಿ. ಮುರಿಗೆವ್ವನಿಗೆಂದು ಈ ಲೋಕದಲ್ಲಿ ಯಾರಾದರೂ ಕಾದಿಟ್ಟ ಜಾಗ ಎಂದರೆ ಅದೊಂದೇ. ವರ್ಷಕ್ಕೊಮ್ಮೆ ಎಡೆ ಇಡಲು ಹೋದಾಗ ಆ ಹುಲ್ಲನ್ನು ನೋಡಿ, ಇಲ್ಲಾದರೂ ಹಾಯಾಗಿ ಮಲಗಬಹುದು ಎಂದುಕೊಳ್ಳುತ್ತಿದ್ದಳು.

"ಎತ್ತಿ ಇಟ್ರ ತಾಯಿ ಬರಂಗಿಲ್ಲೇನ ರಿಯಾಜ?" ಎಂದು ಕೇಳಿದಳು.

"ಬರಬಹುದು, ಬರದೇನೂ ಇರಬಹುದು. ಆದ್ರ ಇಷ್ಟು ಮಂದಿ ಅದರ ಮ್ಯಾಲೇ ನಿಂತು ಮಣ್ಣು ಕೊಟ್ರ ಎಲ್ಲಿಂದ ಬರಬೇಕ್ರಿ ಅದು. ರಾತ್ರಿ ಆತಂದ್ರ ನಾಯಿ ಅದಾವ."

ಮುರಿಗೆವ್ವ ಎದ್ದು ಹೋಗಿ ಗಂಡನ ಕೊರಳಲ್ಲಿ ಜಾರಿದ್ದ ಹಾರವನ್ನು ಸರಿಮಾಡಿದಳು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದಳು. "ಕೆಳಗಿನ ಕಲ್ಲಬದುವಿನ ಹತ್ರ ತೋಡಂತ ಹೇಳ್ರಿ."

"ಅಲ್ಲಿ ಬರೇ ಕಲ್ಲು, ಗರಸು ಐತವಾ," ಎಂದ ಮಹಾಂತಯ್ಯ.

"ಇರಲಿ. ನನ್ನ ಪಾಳಿ ಬಂದಾಗ ನನ್ನನ್ನೂ ಆ ಗರಸಿನಾಗ ಇಡ್ರಿ. ಮತ್ತ ಭಜನಿ ರಸ್ತಾದಾಗ ನಿಲ್ಲಬೇಕು. ಹೊಲದಾಗ ಯಾರೂ ಬಾಯಿ ತಗೀಬಾರ್ದು."

*

ಅಂಥ ಮಣ್ಣಿನ ಕಾರ್ಯವನ್ನು ಆ ಊರು ಕಂಡಿರಲಿಲ್ಲ. ಟ್ರ್ಯಾಕ್ಟರಿನ ಮೇಲೆ ಬಿದಿರು, ಹೂವಿನ ವಿಮಾನ ಕಟ್ಟಿ, ಅದರಲ್ಲಿ ಶಿವಯೋಗೀಶನನ್ನು ಕೂರಿಸಿ, ಅಮ್ಮಿನಬಾವಿ ದಾಟುವತನಕ ಭಜನೆ ಜೋರಾಗಿಯೇ ಇತ್ತು. ಹೊಲದ ಬದು ಬಂದೊಡನೆ ತಾಳ ನಿಂತಿತು. ಹೆಗಲ ಮೇಲೆ ವಿಮಾನ ಹೊತ್ತು ಜನ ಎರೆಹೆಂಟೆ ತುಳಿಯುತ್ತ ಮಾತಿಲ್ಲದೆ ನಡೆದರು. "ಕಳ್ಳರಂಗ ಹೂಳಾಕತ್ತೇನಿ ತಮ್ಮನ್ನ," ಎಂದು ಮಹಾಂತಯ್ಯ ಗೊಣಗಿದ. ಗೊಣಗಿದರೂ ದನಿ ಏರಿಸಲಿಲ್ಲ.

ಮೇಲಿನ ತುದಿಯಲ್ಲಿ ಎರಡು ಸಮಾಧಿ, ಸುತ್ತ ಒಣಗಿದ ಹುಲ್ಲು. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಯಾರೋ ಒಬ್ಬ ಮೊಬೈಲ್ ಹಿಡಿದು ಅತ್ತ ಎರಡು ಹೆಜ್ಜೆ ಇಟ್ಟ. ರಿಯಾಜ ಹೋಗಿ ಅವನ ಮುಂದೆ ಅಡ್ಡ ನಿಂತ.

ಕಲ್ಲಬದುವಿನ ಕುಣಿಯಲ್ಲಿ ಶಿವಯೋಗೀಶನನ್ನು ಇಳಿಸಿ ಕೂರಿಸಿದರು. ಬಿಲ್ವಪತ್ರೆ, ವಿಭೂತಿ, ಉಪ್ಪು. ಮುರಿಗೆವ್ವ ಹಿಡಿ ಮಣ್ಣು ಹಾಕಿದಳು. ಗರಸು ಮಣ್ಣು ಅವನ ಎಡ ಹೆಗಲ ಮೇಲೆ ಬಿದ್ದು ಸದ್ದಾಯಿತು. ಆ ಸದ್ದಿಗೆ ಅವಳೊಳಗೆ ಏನೋ ಕಳಚಿತು. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಈ ಮನುಷ್ಯನ ಹತ್ತಿರ ಇನ್ನೊಂದಿಷ್ಟು ಹೊತ್ತು ಕೂರಬೇಕು, ಕುಣಿ ಮುಚ್ಚಿದ ಮೇಲೂ ಕೂರಬೇಕು, ಕೂತು ಬಾಯಿ ಬಿಟ್ಟು ಅಳಬೇಕು ಎನಿಸಿತು. ಕುಣಿ ಮುಚ್ಚಿದರು. ಮಠದಿಂದ ಬಂದಿದ್ದ ಅಜ್ಜಾರು ಸತ್ತವನ ಬಗ್ಗೆ ನಾಲ್ಕು ಮಾತಾಡಲು ಗಂಟಲು ಸರಿಮಾಡಿಕೊಂಡರು. ಜನ ಕೂರಲು ಜಾಗ ನೋಡಿದರು.

ಆಗ ಮುರಿಗೆವ್ವ ತಲೆ ಎತ್ತಿದಳು. ಆಚೆ ಹೊಲದ ಜಾಲಿಗಿಡದ ಕೆಳಗೆ ಚಿಗರಿಯೊಂದು ನಿಂತಿತ್ತು. ಮೇಯುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಇಷ್ಟೂ ಜನವನ್ನು ನೋಡುತ್ತ ಸುಮ್ಮನೆ ನಿಂತಿತ್ತು. ಹೊತ್ತು ಇಳಿಯುತ್ತಿತ್ತು.

"ಅಜ್ಜಾರ, ತಪ್ಪು ತಿಳೀಬ್ಯಾಡ್ರಿ. ಆಶೀರ್ವಚನ ರಸ್ತಾದಾಗ ಮಾಡ್ರಿ," ಎಂದಳು. ಐಶ್ವರ್ಯಾಳ ತೋಳು ಹಿಡಿದು ಎಬ್ಬಿಸಿದಳು. "ಏಳವಾ. ಏಳ್ರಿ ಎಲ್ಲಾರು."

"ಮಣ್ಣು ಆರೂದ್ರಾಗ ಎದ್ದಳಲ್ಲ. ಕಲ್ಲಿನ ಎದಿ ಬಿಡವಾ ಆಕೀದು," ಎಂದಳೊಬ್ಬಳು ಹಿಂದೆ. ಮುರಿಗೆವ್ವನಿಗೆ ಕೇಳಿಸಿತು. ಸೆರಗಿನ ತುದಿಯನ್ನು ಬಾಯಿಗೆ ತುರುಕಿ, ಕಣ್ಣು ಸುರಿಯುತ್ತಿದ್ದಂತೆಯೇ, ಎಲ್ಲರಿಗಿಂತ ಮುಂದೆ ನಡೆದಳು. ಅವಳು ನಡೆದಳೆಂದು ಉಳಿದವರೂ ನಡೆದರು.

ರಸ್ತೆಯಲ್ಲಿ ಟ್ರ್ಯಾಕ್ಟರಿನ ಮರೆಗೆ ಕೊಡಗಳಲ್ಲಿ ನೀರಿಟ್ಟಿದ್ದರು. ಒಬ್ಬೊಬ್ಬರಾಗಿ ಕಾಲು ತೊಳೆದರು. ಮಣ್ಣು ಕೊಟ್ಟು ಬಂದವರು ಹಿಂತಿರುಗಿ ನೋಡಬಾರದೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಬೇರೆ ದಿನವಾದರೆ ಯಾರಾದರೂ ನೋಡುತ್ತಿದ್ದರು.

ಮಹಾಂತಯ್ಯ ಅವಳ ಪಕ್ಕಕ್ಕೆ ಬಂದು ನಿಂತ. ಮುಖ ಧಾರವಾಡದ ಕಡೆಗೇ ಇತ್ತು.

"ತಾಯಿ ಬಂತೇನವಾ?" ಎಂದು ಪಿಸುಗುಟ್ಟಿದ.

"ಸುಮ್ಮನಿರ್ರಿ," ಎಂದಳು ಮುರಿಗೆವ್ವ.

ಹೊಲಕ್ಕೆ ಬೆನ್ನು ಮಾಡಿ ಅಷ್ಟೂ ಜನ ಆ ರಸ್ತೆಯ ಮೇಲೆ ನಿಂತೇ ಇದ್ದರು. ಭಜನೆಯವರು ತಾಳಗಳು ಒಂದಕ್ಕೊಂದು ತಾಗದಂತೆ ಅಂಗೈಯಲ್ಲಿ ಮುಚ್ಚಿ ಎದೆಗೆ ಒತ್ತಿ ಹಿಡಿದಿದ್ದರು.