ಹನಮವ್ವ ಕೊಟ್ಟ ಹೋತ

ಹನಮವ್ವ ತನ್ನ ಹೋತವನ್ನು ತಾನೇ ಹಗ್ಗ ಹಿಡಿದು ತಂದಾಗಲೇ ಶಕೀಲನಿಗೆ ಅನುಮಾನ ಬರಬೇಕಿತ್ತು. ಆರು ತಿಂಗಳಿಂದ ಆ ಕರಿ ಹೋತವನ್ನು ಕೇಳುತ್ತಲೇ ಇದ್ದ. "ಹೊಟ್ಟ್ಯಾಗ ಹುಟ್ಟಿದ ಮಗನ್ನ ಯಾರರ ಮಾರ್ತಾರೇನೋ ತಮ್ಮಾ?" ಎಂದು ಪ್ರತಿ ಸಲವೂ ಬೈದು ಕಳಿಸಿದ್ದಳು. ಅಂಥವಳು ಈ ಐತವಾರ ನಸುಕಿನಲ್ಲಿ ಬಂದು, ಕೊಟ್ಟಷ್ಟು ಇಸಿದುಕೊಂಡು, "ಲಗೂನ ಕೊಯ್ಸಪಾ, ತಡಾ ಮಾಡಬ್ಯಾಡ" ಎಂದು ಅವಸರ ಬೇರೆ ಮಾಡಿದಳು. ಮಗಳ ನಿಶ್ಚಯದ ದಿನವೆಂದು ನೆರೆಮನೆಯ ಮುದುಕಿಗೂ ಪ್ರೀತಿ ಉಕ್ಕಿದೆ ಎಂದುಕೊಂಡ ಶಕೀಲ. ಖುಷಿಯಲ್ಲಿರುವವರಿಗೆ ಎಲ್ಲರೂ ಒಳ್ಳೆಯವರಾಗಿಯೇ ಕಾಣುತ್ತಾರೆ.

ಖುಷಿಪಡಲು ಕಾರಣವೂ ಇತ್ತು. ಮಗಳು ಮಿನಾಜಳಿಗೆ ಇಪ್ಪತ್ತೇಳು, ತಿಕೋಟಾದ ಶಾಲೆಯೊಂದರಲ್ಲಿ ಟೀಚರ್. ಹಿಂದೆ ಬಂದ ಎರಡು ಸಂಬಂಧಗಳು ಚಹಾ ಕುಡಿದು ಹೋದದ್ದೇ ತಡ, ತಿರುಗಿ ಫೋನು ಮಾಡಿರಲಿಲ್ಲ. ಈ ಸಲ ಬಂದವನು ವಿಜಯಪುರದ ಅಬ್ದುಲಸಮದ ಸಾವಕಾರರ ಮಗ ರಿಜ್ವಾನ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವರ ಕ್ರಿಮಿನಾಶಕದ ಅಂಗಡಿ. ಬಿಜ್ಜರಗಿಯಿಂದ ಬಬಲೇಶ್ವರದವರೆಗೆ ದ್ರಾಕ್ಷಿ ಬೆಳೆಯುವವರಲ್ಲಿ ಅರ್ಧದಷ್ಟು ಜನ ಅವರ ಕೈಯಿಂದಲೇ ಔಷಧ ಒಯ್ಯುವವರು. ಊಟವಾದ ಮೇಲೆ ಹಿರಿಯರು ಮದುವೆಯ ತಾರೀಕು ಹೇಳುವುದೊಂದೇ ಬಾಕಿ.

ಮಧ್ಯಾಹ್ನ ಗಂಡಿನ ಕಡೆಯವರೂ ಊರಿನ ನಾಲ್ಕಾರು ರೈತರೂ ಮೊದಲ ಪಂಕ್ತಿಗೆ ಕೂತರು. ಕೈ ತೊಳೆಯುವ ನೀರು ಮುಗಿದಿತ್ತು. ಮೋಟರ್ ಚಾಲೂ ಮಾಡಲು ಶಕೀಲ ಮನೆಯ ಹಿಂದಿನ ದ್ರಾಕ್ಷಿ ಪಡಕ್ಕೆ ಹೋದ. ಹೋದವನು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ನಿಂತುಬಿಟ್ಟ.

ಬೇಲಿಯ ಕಡೆಯ ಸಾಲಿನಲ್ಲಿ, ಹೋತದ ಬಾಯಿಗೆ ಎಟುಕುವಷ್ಟು ಎತ್ತರದವರೆಗೆ ಒಂದು ಎಲೆಯೂ ಉಳಿದಿರಲಿಲ್ಲ. ಕೆಳಗೆ ಹಿಕ್ಕೆ ಬಿದ್ದಿತ್ತು. ಬೇಲಿಯ ಮುಳ್ಳಿಗೆ ಕರಿ ಕೂದಲು ಸಿಕ್ಕಿತ್ತು. ನಿನ್ನೆ ಸಂಜೆಯಷ್ಟೇ ಆ ಸಾಲಿಗೆ ಅವನು ಹುಳದ ಔಷಧ ಹೊಡೆದಿದ್ದ. ತಲೆಬುರುಡೆಯ ಚಿತ್ರವಿರುವ ಕೆಂಪು ಬಾಟಲಿ.

ಔಷಧ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದ ಕಳ್ಳಕವಟಗಿ ಊರಿನ ಒಬ್ಬನನ್ನು ಹಿಂದೊಮ್ಮೆ ಶಕೀಲನೇ ಟೆಂಪೋದಲ್ಲಿ ಹಾಕಿಕೊಂಡು ದವಾಖಾನೆಗೆ ಹೊರಟಿದ್ದ. ಮೊದಲು ಕಣ್ಣಲ್ಲಿ ನೀರು, ಆಮೇಲೆ ಮೂಗಲ್ಲಿ ನೀರು, ಮೈತುಂಬ ಬೆವರು. ತಿಕೋಟಾ ದಾಟುವಷ್ಟರಲ್ಲಿ ಮನುಷ್ಯ ಇರಲಿಲ್ಲ.

ಓಡುತ್ತ ಬಂದ. ಬೇವಿನ ಮರದ ಕೆಳಗೆ ಹನಮವ್ವ ತಾಟು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಒಂದು ತುಣುಕನ್ನೂ ಮುಟ್ಟಿರಲಿಲ್ಲ.

"ಯಾಕ ಬೇ, ಉಣವಲ್ಲಿ?"

"ಇವತ್ತ ನಂದು ಸೋಮವಾರ ಐತೋ ತಮ್ಮಾ, ಒಪ್ಪತ್ತು."

"ಇವತ್ತ ಐತವಾರ."

"ಹೌದೇನ?" ಮುದುಕಿ ಸೆರಗು ಸರಿಪಡಿಸಿಕೊಂಡಳು. "ಹಂಗಾರ ಹೊಟ್ಟಿ ನೋಯಾಕತ್ತೈತಿ."

"ಖರೇ ಹೇಳು. ಹೋತ ನನ್ನ ಪಡದಾಗ ಹೊಕ್ಕಿತ್ತಿಲ್ಲೋ?"

ಹನಮವ್ವ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನಸುಕಿನ್ಯಾಗ ಹಗ್ಗ ಹರಕೊಂಡು ಹೋಗಿತ್ತೋ ಯಪ್ಪಾ. ಹೆಂಗೂ ಸಾಯ್ತಿತ್ತು. ಸುಮ್ಮನ ಸತ್ತು ಹಾಳಾಗೂದಕ್ಕಿಂತ ಒಬ್ಬರ ಕಾರ್ಯಕ್ಕರ ಆಗಲಿ ಅಂತ ತಂದೀನಿ."

ಅವಳ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ಆದರೆ ಅದಕ್ಕೂ ಪುರಸೊತ್ತಿರಲಿಲ್ಲ. ಹೇಳಲೇಬೇಕು, ಈಗಲೇ ಎಲ್ಲರನ್ನೂ ಎಬ್ಬಿಸಬೇಕು ಎಂದು ಚಪ್ಪರದೊಳಗೆ ನುಗ್ಗಿದ.

ಚಪ್ಪರದಲ್ಲಿ ಮೂವತ್ತು ಜನ ಕಣ್ಣಲ್ಲಿ ನೀರು ಸುರಿಸುತ್ತ, ಮೂಗು ಒರೆಸಿಕೊಳ್ಳುತ್ತ, ಬೆವರುತ್ತ ಕೂತಿದ್ದರು.

ಶಕೀಲ ಹತ್ತಿರದವನನ್ನು ಎಬ್ಬಿಸಲು ಹೆಗಲಿಗೆ ಕೈ ಹಾಕಿದ. ಅಷ್ಟರಲ್ಲಿ ಗಂಡಿನ ಸೋದರಮಾವ ಕೆಂಪು ಮೂಗನ್ನು ಟವೆಲಿನಿಂದ ಒತ್ತಿಕೊಳ್ಳುತ್ತ, "ಏನ್ ಖಾರಾ ಅರದಾರ್ರಿ ನಿಮ್ಮ ಮನ್ಯಾಗ! ಇನ್ನೊಂದೀಟು ಹಾಕ್ರಿ" ಎಂದ. ಶಕೀಲನ ಹೆಂಡತಿ ಅಬೇದಾಳ ಖಾರ ಊರಿಗೇ ಹೆಸರುವಾಸಿ. ಅವಳ ಅಡುಗೆ ಉಂಡವರಿಗೂ ವಿಷ ಕುಡಿದವರಿಗೂ ಮೇಲುನೋಟಕ್ಕೆ ಏನೇನೂ ವ್ಯತ್ಯಾಸವಿರುವುದಿಲ್ಲ. ಯಾರು ಸಾಯುತ್ತಿದ್ದಾರೆ, ಯಾರು ರುಚಿ ಸವಿಯುತ್ತಿದ್ದಾರೆ ಎಂದು ಹೇಗೆ ಹೇಳುವುದು?

ಸೌಟು ಹಿಡಿದು ಸಾಲಿನುದ್ದಕ್ಕೂ ನಡೆದ. ಬಗ್ಗಿ ಬಗ್ಗಿ ಒಬ್ಬೊಬ್ಬರ ಮುಖ ನೋಡಿದ. ಅಷ್ಟು ಕಾಳಜಿಯ ಬೀಗರನ್ನು ತಾವು ಕಂಡೇ ಇಲ್ಲವೆಂದು ಗಂಡಿನ ಕಡೆಯವರು ತಮ್ಮತಮ್ಮಲ್ಲೇ ಮೆಚ್ಚಿಕೊಂಡರು. ಒಬ್ಬ ಮುದುಕ ಕೆಮ್ಮತೊಡಗಿದ. ಶಕೀಲನ ಕೈಯಿಂದ ಸೌಟು ಜಾರಿತು. ಮುದುಕ ಗಂಟಲಿನಿಂದ ಎಲುಬಿನ ಚೂರು ತೆಗೆದು, ಅದನ್ನೊಮ್ಮೆ ನೋಡಿ, ಮತ್ತೆ ಬಾಯಿಗೆ ಹಾಕಿಕೊಂಡ.

ಆಗುವುದಿದ್ದರೆ ಇಷ್ಟು ಹೊತ್ತಿಗೆ ಆಗಿರುತ್ತಿತ್ತು ಎಂದು ಲೆಕ್ಕ ಹಾಕಿದ ಶಕೀಲ. ಬೆಂದ ಮೇಲೆ ವಿಷ ಉಳಿಯುತ್ತದೆಯೇ? ಇನ್ನು ಅರ್ಧ ತಾಸು ತಡೆದರೆ ತಾರೀಕು ಹೇಳಿಬಿಡುತ್ತಾರೆ. ಹೀಗೆ ಯೋಚಿಸುತ್ತಿರುವಾಗ ಗಂಡಿನ ತಾಯಿ ನಸ್ರೀನ ತಾಟು ತುಂಬ ಬಿರ್ಯಾನಿ ಹಾಕಿಕೊಂಡು ಒಳಕೋಣೆಗೆ ಹೊರಟಳು.

"ಮಿನಾಜಗ ನಾನ ಉಣಿಸ್ತೀನಿ. ಹುಡಿಗಿ ಮುಂಜಾನಿಯಿಂದ ಉಪಾಸ ಐತಿ."

ಶಕೀಲ ಬಾಯಿ ತೆರೆದ. ಬಾಗಿಲ ಸಂದಿಯಿಂದ ಮಗಳ ಮುಖ ಕಂಡಿತು. ನಾಚುತ್ತ ನಗುತ್ತಿದ್ದಳು. ಆ ನಗು ನೋಡಿ ಎಷ್ಟೋ ದಿನವಾಗಿತ್ತು. ಅವಳು ಬಾಯಿ ತೆರೆದಳು, ತುತ್ತು ಒಳಗೆ ಹೋಯಿತು. ಇವನು ಬಾಯಿ ಮುಚ್ಚಿದ. ಎರಡನೆಯ ತುತ್ತೂ ಹೋಯಿತು.

"ಬೀಗರ, ನೀವ್ಯಾಕ ಉಣವಲ್ರಿ?" ಅಬ್ದುಲಸಮದ ಕೂಗಿದರು. "ಎಲ್ಲಾರಿಗೂ ಉಣಸಾಕತ್ತೀರಿ, ನಿಮ್ಮ ಹೊಟ್ಟಿಗೇನೂ ತಗೊಂಡಿಲ್ಲ. ಬರ್ರಿ ಇಲ್ಲೆ. ತುತ್ತು ಹಾಕಿ ಆಮ್ಯಾಲ ತಾರೀಕು ಹೇಳೂಣು."

ಕೈ ಹಿಡಿದು ಜಗ್ಗಿ ಪಕ್ಕದಲ್ಲಿ ಕೂರಿಸಿಕೊಂಡರು. ತಾಟಿನಲ್ಲಿದ್ದ ದೊಡ್ಡ ನಳಿ ಎಲುಬನ್ನು ಎತ್ತಿ ಅವನ ಬಾಯಿಗೆ ಹಿಡಿದರು. ಎಲ್ಲರೂ ನಗುತ್ತ ನೋಡಿದರು. ಮಸಾಲೆ ತುಟಿಗೆ ತಗುಲಿತು.

ಮೂವತ್ತು ಜನ ಉಂಡಾಗ ಹೊರಳದ ನಾಲಿಗೆ, ಮಗಳು ಉಂಡಾಗಲೂ ಹೊರಳದ ನಾಲಿಗೆ ಆಗ ಹೊರಳಿತು.

"ಒಲ್ಲೆ!" ಶಕೀಲ ಆ ಕೈಯನ್ನು ನೂಕಿ ಚೀರಿದ. "ಉಣಬ್ಯಾಡ್ರಿ! ಹೋತ ಎಣ್ಣಿ ಹೊಡದ ಎಲಿ ತಿಂದೈತಿ!"

ಹುಳದ ಔಷಧಕ್ಕೆ ನಮ್ಮ ಕಡೆ ಎಣ್ಣಿ ಎಂದೇ ಹೇಳುತ್ತಾರೆ. ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ರಿಜ್ವಾನ ಬಾಯಲ್ಲಿದ್ದದ್ದನ್ನು ಉಗುಳಿದ. ಯಾರೋ ಗಂಟಲಿಗೆ ಬೆರಳು ಹಾಕಿಕೊಂಡರು. ಒಳಗೆ ಹೆಂಗಸರು ಅಳತೊಡಗಿದರು. ಅಬ್ದುಲಸಮದರ ಮುಖ ಬಿಳುಚಿ ಹೋಯಿತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು.

"ಯಾವ ಎಣ್ಣಿ?"

"ನೀವ ಕೊಟ್ಟಿದ್ರೆಲಾ. ಕೆಂಪು ಬಾಟ್ಲಿ."

"ಕೆಂಪು ಬಾಟ್ಲಿನಾ?" ಸಾವಕಾರರ ಮುಖಕ್ಕೆ ಮರಳಿ ಕಳೆ ಬಂತು. ಎದೆ ನೀವಿಕೊಂಡು ಜೋರಾಗಿ ನಕ್ಕರು. "ಯಾ ಅಲ್ಲಾ, ಜೀವಾನ ಹೋಗಿತ್ತಲ್ರಿ! ಉಣ್ರಿ ಉಣ್ರಿ, ಏನೂ ಆಗಂಗಿಲ್ಲ. ಅದರಿಂದ ನೊಣಾನೂ ಸಾಯಂಗಿಲ್ಲ."

ಧೈರ್ಯ ತೋರಿಸಲು ಆ ನಳಿಯನ್ನು ತಾವೇ ಕಚ್ಚಿದರು. ಎರಡು ಸಲ ಅಗಿದ ಮೇಲೆ, ಬೇರೆ ಯಾರೂ ನಗುತ್ತಿಲ್ಲ ಎಂಬುದು ಅವರಿಗೆ ತಿಳಿಯಿತು. ಊರಿನ ರೈತರೆಲ್ಲ ಅವರನ್ನೇ ನೋಡುತ್ತಿದ್ದರು.

ಪಕ್ಕದ ತೋಟದ ಮುತ್ತು ನಿಧಾನಕ್ಕೆ ಕೈ ಒರೆಸಿಕೊಂಡ. "ಸಾವಕಾರ್ರ, ನಾ ಆರ ಎಕರೆಕ್ಕ ಅದನ್ನ ಹೊಡದೀನ್ರಿ. ಹುಳ ಸಾಯವಲ್ದು ಅಂತ ಬಂದ್ರ, ಡೋಸು ಕಡಿಮಿ ಆಗೈತಿ, ಇನ್ನೆರಡು ಬಾಟ್ಲಿ ಒಯ್ಯಿ ಅಂದಿದ್ರಿ."

ಅಬ್ದುಲಸಮದ ಏನೋ ಹೇಳಹೋದರು. ಬಾಯಿ ತುಂಬ ಮಾಂಸವಿತ್ತು.

ಮುತ್ತು ಶಕೀಲನ ಕಡೆಗೂ ಒಮ್ಮೆ ನೋಡಿದ. "ಬೀಗತನ ಛಲೋ ಕೂಡೇತಿ ಬಿಡ್ರಿ" ಎಂದು ಎದ್ದು ಹೋದ. ಅವನ ಹಿಂದೆ ಉಳಿದ ರೈತರೂ ಎದ್ದರು.

ಮಿನಾಜ ಒಳಗಿನಿಂದ ಬಂದಳು. ಅವಳ ತುಟಿಯ ಮೇಲೆ ಇನ್ನೂ ಬಿರ್ಯಾನಿಯ ಎಣ್ಣೆ ಮಿನುಗುತ್ತಿತ್ತು. ಮಾವನಾಗಬೇಕಾದವರನ್ನು ಅವಳು ತಿರುಗಿಯೂ ನೋಡಲಿಲ್ಲ. ತಂದೆಯ ಎದುರಿಗೆ ಬಂದು ಕೂತಳು.

"ಅಬ್ಬಾ, ನಾನೂ ಉಂಡೀನಿ. ನಿಮಗ ಯಾವಾಗ ಗೊತ್ತಾತು?"

ಶಕೀಲನಿಗೆ ಸತ್ತು ಹೋಗಬಾರದೇ ಎನ್ನಿಸಿತು. "ಈಗವಾ, ಈಗ ಗೊತ್ತಾತು" ಎಂದ.

ಮಿನಾಜ ಅವನ ಬಲಗೈ ಎತ್ತಿ ನೋಡಿದಳು. ಒಂದು ಅಗುಳೂ ಅಂಟಿರಲಿಲ್ಲ. ಪಕ್ಕದಲ್ಲಿದ್ದ ತಂಬಿಗೆಯನ್ನು ಅವನ ಮುಂದೆ ಸರಿಸಿದಳು.

"ತೊಳ್ಕೊಳ್ರಿ" ಎಂದಳು.