ಹಿತ್ತಿಲಿಗೆ ಬಂದ ಮಿಷನ್ನು

ಬೆಳಗಿನಿಂದ ಶಿವರತ್ನಮ್ಮ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು. ನಿನ್ನೆ ಮಡಿಸಿಟ್ಟಿದ್ದ ದುಪ್ಪಟಿ, ಮೊನ್ನೆಯ ಪಂಚೆ, ಕೊನೆಗೆ ಯಾರೂ ಹೊದೆಯದ ಹಳೇ ಕಂಬಳಿಯೂ ಕಲ್ಲಿಗೆ ಬಂತು. ಅಜ್ಜೀಪುರದಲ್ಲಿ ಬೇಸಿಗೆಯ ನೀರಿಗೆ ಎಷ್ಟು ಪರದಾಟವೆಂದು ಬಲ್ಲವರು ಯಾರಾದರೂ ನೋಡಿದ್ದರೆ ಈ ಹೆಂಗಸಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ತಲೆ ಕೆಟ್ಟಿರಲಿಲ್ಲ, ಜೀವ ಬಾಯಿಗೆ ಬಂದಿತ್ತು. ಅವಳು ಬಟ್ಟೆ ಕುಕ್ಕುತ್ತಿದ್ದ ಕಲ್ಲಿನ ಕೆಳಗೆ ಒಂದು ತಂಬಿಗೆ ಬೆಳ್ಳಿ ರೂಪಾಯಿ ಇತ್ತು. ಅದು ಗಂಡ ಕೆಂಪನಂಜಪ್ಪನಿಗೆ ಗೊತ್ತಿರಲಿಲ್ಲ. ನೆಲದೊಳಗಿನ ಕಾಸು ಹುಡುಕುವ ಮಿಷನ್ನನ್ನು ತರಿಸಿದವನು ಅವನೇ.

ಇಷ್ಟಕ್ಕೆಲ್ಲ ಕಾರಣ ಒಂದು ಆನೆ ಕಾಸು. ಹೋದ ವಾರ ಚಪ್ಪರದ ಕಂಬ ನೆಡಲು ಹಿತ್ತಿಲಲ್ಲಿ ಗುಳಿ ತೋಡುವಾಗ ಆನೆ ಗುರುತಿನ ಹಳೇ ತಾಮ್ರದ ಕಾಸೊಂದು ಸಿಕ್ಕಿತು. ಅಂದಿನಿಂದ ಕೆಂಪನಂಜಪ್ಪ ಕೂತಲ್ಲಿ ಕೂರಲಿಲ್ಲ. ಒಂದಿದ್ದರೆ ಕೊಡವೇ ಇದ್ದೀತು ಎಂಬ ಆಸೆ ಹತ್ತಿ, ಕೊಳ್ಳೇಗಾಲದಲ್ಲಿ ರೇಡಿಯೋ ರಿಪೇರಿ ಮಾಡುವ ಗುರುಪಾದಸ್ವಾಮಿಯನ್ನು ಗೊತ್ತು ಮಾಡಿಕೊಂಡು ಬಂದ. ಸ್ವಾಮಿ ಟ್ರಾನ್ಸಿಸ್ಟರಿಗೆ ತಾಮ್ರದ ತಂತಿ ಸುತ್ತಿದ ಮರದ ತಟ್ಟೆ ಜೋಡಿಸಿ, ಕಬ್ಬಿಣ ಕಂಡರೂ ಕಾಸು ಕಂಡರೂ ಕುಯ್ಯೆನ್ನುವ ಒಂದು ಮಿಷನ್ನು ಮಾಡಿದ್ದ. ಅದನ್ನು ಹೊತ್ತುಕೊಂಡು ಬಸ್ಸಿಳಿದಾಗ ಊರಿಗೆ ಊರೇ ನೋಡಿತು.

ಶಿವರತ್ನಮ್ಮ ಮುಂಚೆಯೇ ತಂಬಿಗೆ ಅಗೆದು ತೆಗೆಯೋಣವೆಂದರೆ ರಾತ್ರಿ ಗಂಡ ಸೆಖೆಯೆಂದು ಹಿತ್ತಿಲಲ್ಲೇ ಮಂಚ ಹಾಕಿಕೊಂಡು ಮಲಗುತ್ತಿದ್ದ. ಹಗಲಲ್ಲಿ ಮೈದುನ ಪುಟ್ಟಮಾದಪ್ಪನ ಮನೆಯವರ ಕಣ್ಣು. ಅಣ್ಣತಮ್ಮಂದಿರು ಪಾಲಾಗಿ ಮನೆಗೆ ನಡುಗೋಡೆ ಬಂದಿದ್ದರೂ ಹಿತ್ತಿಲು ಮಾತ್ರ ಇಬ್ಬರಿಗೂ ಸೇರಿದ್ದು. ಸಿಕ್ಕಿದ್ದರಲ್ಲಿ ಸಮಪಾಲು ಎಂದು ಕೆಂಪನಂಜಪ್ಪ ತಮ್ಮನನ್ನೂ ಕರೆದು ನಿಲ್ಲಿಸಿಕೊಂಡಿದ್ದ. ಅವನು ಅಂಥ ನ್ಯಾಯಸ್ಥ. ಅವನ ನ್ಯಾಯವೇ ಈಗ ಹೆಂಡತಿಯ ಕುತ್ತಿಗೆಗೆ ಬಂದಿತ್ತು.

ಪಾಲಾದ ದಿನ ಆ ಸೀಮೆಯ ಪದ್ಧತಿಯಂತೆ ನಡುಮನೆಯಲ್ಲಿ ಕರ್ಪೂರ ಹಚ್ಚಿದ್ದರು. ಏನನ್ನೂ ಬಚ್ಚಿಟ್ಟಿಲ್ಲ, ಮನೆದೇವರು ಮಾದಪ್ಪನಾಣೆ ಎಂದು ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಬೇಕು. ಇಬ್ಬರೂ ಆರಿಸಿದರು. ಹೆಂಗಸರಿಂದ ಆಣೆ ಇಡಿಸುವ ಪದ್ಧತಿಯಿಲ್ಲ, ಗಂಡನ ಆಣೆಯೇ ಹೆಂಡತಿಯದೂ. ಬಾಗಿಲ ಮರೆಯಲ್ಲಿ ನಿಂತಿದ್ದ ಶಿವರತ್ನಮ್ಮ ಬಾಯಿ ತೆರೆಯುವಷ್ಟರಲ್ಲಿ ಗಂಡನ ಅಂಗೈ ಬೆಂಕಿಯ ಮೇಲೆ ಬಿದ್ದಿತ್ತು.

ತಂಬಿಗೆ ಕೊಟ್ಟವಳು ಅತ್ತೆ ಚನ್ನಾಜಮ್ಮ. ಹಾಸಿಗೆ ಹಿಡಿದು ಬಿದ್ದಿದ್ದ ಮುದುಕಿಯ ಹೇಸಿಗೆ ಬಳಿದು, ಹುಣ್ಣು ತೊಳೆದು, ಗಂಜಿ ಕುಡಿಸಿದವಳು ಈ ಸೊಸೆ. ಸಾಯುವ ಮುಂಚೆ ಅತ್ತೆ ಹತ್ತಿರ ಕರೆದು, "ಇದು ನಿಂಗೆ ಮಾತ್ರ ಕಣಮ್ಮಿ. ನಂಜಪ್ಪುಂಗೆ ಯೋಳ್ಬ್ಯಾಡ" ಎಂದಿದ್ದಳು. ಆ ಮಾತಿಗೆ ಶಿವರತ್ನಮ್ಮನ ಕಣ್ಣು ತುಂಬಿ ಬಂದಿತ್ತು. ಆ ಮನೆಯಲ್ಲಿ ಅವಳ ದುಡಿಮೆಯನ್ನು ಯಾರಾದರೂ ಕಂಡಿದ್ದರೆ ಅದು ಅತ್ತೆಯೊಬ್ಬಳೇ ಎಂದು ಅವಳು ಇವತ್ತಿಗೂ ನಂಬಿದ್ದಳು. ಹಾಗಿದ್ದರೂ ಮಾದಪ್ಪನ ಹೆಸರಲ್ಲಿ ಗಂಡನಿಂದ ಸುಳ್ಳಾಣೆ ಇಡಿಸಿದವಳು ತಾನೇ ಎಂಬುದು ಗಂಟಲ ಮುಳ್ಳಾಗಿತ್ತು.

ಸ್ವಾಮಿ ಬೇಲಿಯ ಕಡೆಯಿಂದ ಶುರುಮಾಡಿದ. ಮಿಷನ್ನು ಒಮ್ಮೆ ಕುಯ್ಯೆಂದಾಗ ಎತ್ತಿನ ಲಾಳ ಸಿಕ್ಕಿತು, ಇನ್ನೊಮ್ಮೆ ಮುರಿದ ಕುಡುಗೋಲು. ಪ್ರತಿ ಸದ್ದಿಗೂ ಶಿವರತ್ನಮ್ಮನ ಕೈ ನಿಲ್ಲುತ್ತಿತ್ತು, ಮತ್ತೆ ಕಂಬಳಿ ಕುಕ್ಕುತ್ತಿತ್ತು. ನುಗ್ಗೆ ಮರದ ಬುಡಕ್ಕೆ ಬಂದಾಗ ಮಿಷನ್ನು ಒಂದೇ ಸಮನೆ ಅರಚಿತು.

"ಅಲ್ಲೇನಿಲ್ಲ ಬುಡಣ್ಣ, ಹಳೇ ಗುಳ ಊತಿವ್ನಿ" ಎಂದ ಪುಟ್ಟಮಾದಪ್ಪ.

"ನೇಗಿಲ ಗುಳವ ಯಾರ್ಲಾ ಊಳ್ತಾರೆ?" ಎನ್ನುತ್ತ ಕೆಂಪನಂಜಪ್ಪ ಗುದ್ದಲಿ ಹಾಕಿದ. ಮೊಳದಾಳದಲ್ಲಿ ಹಿತ್ತಾಳೆ ತಂಬಿಗೆಯೊಂದು ಬಂತು. ಬಾಯಿಗೆ ಕಟ್ಟಿದ್ದ ಬಟ್ಟೆ ಅವ್ವ ಚನ್ನಾಜಮ್ಮನ ಕೆಂಪಂಚಿನ ಸೀರೆಯ ಚೂರೆಂದು ಎಲ್ಲರಿಗೂ ಗೊತ್ತಾಯಿತು. ಒಳಗೆ ರಾಜನ ತಲೆಯ ಬೆಳ್ಳಿ ರೂಪಾಯಿಗಳಿದ್ದವು.

ತನ್ನ ತಂಬಿಗೆಯನ್ನೇ ಯಾರೋ ಎತ್ತಿ ಅಲ್ಲಿಗೆ ಹಾಕಿದರೇ ಎಂದು ಶಿವರತ್ನಮ್ಮ ಒಂದು ಗಳಿಗೆ ಕಲ್ಲನ್ನೇ ನೋಡಿದಳು. ಕಲ್ಲು ಕದಲಿರಲಿಲ್ಲ.

"ಅವ್ವ ಕೊಟ್ಟಿದ್ದು ಕಣಣ್ಣ" ಎಂದ ಪುಟ್ಟಮಾದಪ್ಪ ತಲೆಯೆತ್ತದೆ. "ಇದು ನಿಂಗೆ ಮಾತ್ರ ಕಣಪ್ಪ, ನಂಜಪ್ಪುಂಗೆ ಯೋಳ್ಬ್ಯಾಡ ಅಂದ್ಲು."

"ಸತ್ತೋಳ್ ಮ್ಯಾಲೆ ಆಕ್ತಿಯಲ್ಲಾ. ಅವ್ಳು ಮಲ್ಗಿದ್ದಾಗ ಪೆಟ್ಗೆಯಿಂದ ಕದ್ದಿದ್ದೀಯ. ಕದ್ದು, ಮಾದಪ್ಪನ ಮುಂದೆ ಕೈ ಬಡ್ದೆ" ಎಂದ ಕೆಂಪನಂಜಪ್ಪ. ಅವನು ಕೂಗಾಡಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. "ಇವತ್ತಿಗೆ ಮುಗೀತು. ನಿನ್ ಮನೆ ನೀರು ನಮ್ಗೆ ಬ್ಯಾಡ, ನಮ್ ಮನೆ ಸಾವಿಗೂ ನೀನು ಬರ್ಬ್ಯಾಡ."

ಪುಟ್ಟಮಾದಪ್ಪ ಅತ್ತಿಗೆಯ ಕಡೆ ನೋಡಿದ. ಅವಳ ತಂಬಿಗೆಯ ವಿಷಯ ಅವನಿಗೇನೂ ಗೊತ್ತಿರಲಿಲ್ಲ. ಯಾರಾದರೂ ನಂಬಲಿ ಎಂದು ನೋಡಿದನಷ್ಟೆ. ಶಿವರತ್ನಮ್ಮನಿಗೆ ಮೊದಲು ಬಂದದ್ದು ಅತ್ತೆಯ ಮೇಲಿನ ಸಿಟ್ಟು. ನಿಂಗೆ ಮಾತ್ರ ಎಂದು ಇವನಿಗೂ ಹೇಳಿದಳೇ ಮುದುಕಿ? ಹಾಗಾದರೆ ತನ್ನ ಸೇವೆಗೆ ಕೊಟ್ಟದ್ದೇನು? ಸುಮ್ಮನಿದ್ದುಬಿಟ್ಟರೆ ತಂಬಿಗೆ ತನ್ನದೇ ಆಗಿ ಉಳಿಯುತ್ತದೆ. ಆದರೆ ಮೈದುನ ಹೆತ್ತವಳಿಂದಲೇ ಕದ್ದ ಕಳ್ಳನೆನಿಸಿಕೊಂಡು ಅದೇ ಗೋಡೆಯಾಚೆ ಬದುಕಬೇಕಾಗುತ್ತದೆ.

"ನನ್ ಕಡೆ ಸುಳ್ಳಿದ್ರೆ ತೋರ್ಸ್ಲಿ" ಎನ್ನುತ್ತಿದ್ದ ಕೆಂಪನಂಜಪ್ಪ. "ಸ್ವಾಮೇರೆ, ಒಗೆಯೋ ಕಲ್ಲಿನ್ ತಾವ್ಕೂ ಬನ್ನಿ. ಎಲ್ಲಾ ಕಡೆ ಆಡ್ಸಿ."

ಸ್ವಾಮಿ ತಟ್ಟೆ ಹಿಡಿದು ಬಂದ. "ಬಕೆಟ್ ತೆಗೀರಮ್ಮ, ಕಬ್ಬಿಣ ಇದ್ರೆ ಸುಮ್ನೆ ಕೂಗ್ತದೆ" ಎಂದ. ಅವಳು ಬಕೆಟ್ಟನ್ನು ಬೇಕೆಂದೇ ಅಲ್ಲಿಟ್ಟಿದ್ದಳು. ಈಗ ಅದನ್ನೆತ್ತಿ ದೂರ ಇಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಮಿಷನ್ ಬ್ಯಾಡಿ ಸ್ವಾಮೇರೆ. ಪುಟ್ಟಮಾದಪ್ಪ ಸುಳ್ಳು ಯೋಳ್ತಿಲ್ಲ. ಅತ್ತೆ ನಂಗೂ ಅಂಗೇ ಅಂದ್ರು."

ಗಂಡನ ಮುಖ ನೋಡಲಾಗದೆ ತಾನೇ ಹಾರೆ ತಂದು ಕಲ್ಲನ್ನು ಮೀಟಿದಳು. ಮೈದುನ ಬಂದು ಕೈ ಕೊಟ್ಟ. ಅದೇ ಅಳತೆಯ ತಂಬಿಗೆ, ಅದೇ ಕೆಂಪಂಚಿನ ಚೂರು. ಕೆಂಪನಂಜಪ್ಪ ಎರಡು ಚೂರನ್ನೂ ತೊಡೆಯ ಮೇಲಿಟ್ಟು ಅಂಚಿಗೆ ಅಂಚು ಕೂಡಿಸಿ ನೋಡಿದ. ಹೊಡೆಯುತ್ತಾನೆ, ಇಲ್ಲವೆ ಮನೆ ಬಿಟ್ಟು ಹೋಗೆನ್ನುತ್ತಾನೆ ಎಂದು ಶಿವರತ್ನಮ್ಮ ಕಾದಳು.

"ನಿಂಗ್ ಕೊಟ್ಲು. ಇವ್ನಿಗ್ ಕೊಟ್ಲು" ಎಂದ ಅವನು. "ನಂಗೆ ಒಂದ್ ಮಾತೂ ಯೋಳ್ಲಿಲ್ವಲ್ಲ ಅವ್ವ."

"ನಿಮ್ಗೆ ಕೊಟ್ಟಿದ್ರೆ ನೀವು ಸುಳ್ಳಾಣೆ ಇಡ್ತಾ ಇರ್ಲಿಲ್ಲ, ಎಲ್ಲಾನೂ ಪಾಲ್ಗೆ ತಂದಿಡ್ತಿದ್ರಿ. ಅದು ಅವ್ರಿಗೆ ಗೊತ್ತಿತ್ತು" ಎಂದಳು ಶಿವರತ್ನಮ್ಮ. ಅದು ನಿಜವೇ ಇರಬಹುದು. ಆದರೆ ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಎರಡೂ ತಂಬಿಗೆಯನ್ನು ಅಲ್ಲೇ ಬಿಟ್ಟು ಎದ್ದ. ಅವನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಐವತ್ತು ದಾಟಿದ ಆ ಗಂಡಸಿನ ಮುಖ ಊಟಕ್ಕೆ ಕರೆಯದೆ ಬಿಟ್ಟ ಹುಡುಗನದಾಗಿತ್ತು.

"ಸ್ವಾಮೇರೆ, ಕೊಟ್ಟಿಗೆ ಮಗ್ಗುಲು ನೋಡ್ಲಿಲ್ಲ" ಎಂದ ಅವನು. ಸ್ವಾಮಿ ನೋಡಿದ, ಮಿಷನ್ನು ಕೂಗಲಿಲ್ಲ. ಒಲೆಯ ಹಿಂದೆ ನೋಡಿಸಿದ, ಬಾವಿಕಟ್ಟೆಯ ಸುತ್ತ ನೋಡಿಸಿದ. ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಸ್ವಾಮಿ ಹೇಳಿದಾಗ ಕೆಂಪನಂಜಪ್ಪ ಮಿಷನ್ನನ್ನು ಅವನ ಕೈಯಿಂದ ತಾನೇ ತೆಗೆದುಕೊಂಡು, ಅವ್ವ ಕೂತು ಬಿಸಿಲು ಕಾಯಿಸುತ್ತಿದ್ದ ಜಗಲಿಯ ಪಕ್ಕದ ಮಣ್ಣಿನ ಮೇಲೆ ಮೆಲ್ಲಗೆ ಆಡಿಸತೊಡಗಿದ. ಹೆಂಡತಿಯೂ ತಮ್ಮನೂ ಅದು ಅವನ ಪಾಲಿಗೂ ಒಂದು ಸಲವಾದರೂ ಕೂಗಲಿ ಎಂದು ನಿಂತು ಕೇಳುತ್ತಿದ್ದರು.