ಸೀಲು ಹಾಕಿದ ಡಬ್ಬಿ

ಆ ಕಾರ್ಖಾನೆಯಲ್ಲಿ ಕೂರಲು ಒಂದು ಸ್ಟೂಲೂ ಇಲ್ಲ. ರಾಣೆಬೆನ್ನೂರಿನ ಅಂಚಿನಲ್ಲಿ, ನಮ್ಮ ಮನೆಯ ಎದುರಿಗೇ ಇದೆ. ಆಸ್ಪತ್ರೆಗಳಿಗೆ ಹೋಗುವ ಸಲೈನ್ ನಳಿಗೆಗಳನ್ನು ಅಲ್ಲಿ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನಿಂತೇ ಜೋಡಿಸುತ್ತಾರೆ. ಧೂಳು ಬರಬಾರದೆಂದು ಕಿಟಕಿಗಳಿಲ್ಲ. ಕೈಗವಸಿನೊಳಗೆ ಬೆವರು ನಿಂತು ಬೆರಳು ಸುಕ್ಕಾಗುತ್ತವೆ. ಬುತ್ತಿ ಬಿಚ್ಚಲೂ ಜಾಗವಿಲ್ಲದ್ದರಿಂದ ಮಧ್ಯಾಹ್ನ ನಮ್ಮ ಕಟ್ಟೆಗೆ ಬರುತ್ತಾರೆ. ನಾನು ಮಜ್ಜಿಗೆ ಕೊಡುತ್ತೇನೆ, ಅವರು ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಾರೆ. ಈ ವ್ಯವಹಾರದಲ್ಲಿ ಲಾಭ ನನ್ನದೇ.

ಬ್ಯಾಡಗಿಯಿಂದ ರೈಲಿಗೆ ಬರುವ ಜಯವ್ವನ ಬೆರಳು ಸೋಮವಾರ ಕೆಂಪಾಗಿರುತ್ತವೆ. ಇಲ್ಲಿಯ ಪಗಾರ ಸಾಲದೆ ಅವಳು ರವಿವಾರ ಊರಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಾಳೆ. ಬ್ಯಾಡಗಿ ಕಾಯಿಯ ಬಣ್ಣ ಸಾಬೂನಿಗೆ ಜಗ್ಗುವುದಿಲ್ಲ. ಬ್ಯಾಡಗಿಯಿಂದ ಜೊತೆಗೇ ಬರುವ ಚಮನಬಿ ಎಣ್ಣೆ ಹಚ್ಚಿ ಅವಳ ಬೆರಳುಗಳನ್ನು ಮೆತ್ತಗೆ ತಿಕ್ಕುತ್ತಾಳೆ.

"ಏನವಾ, ಮದರಂಗಿ ಹಚ್ಕೊಂಡು ಮತ್ತ ಮದಿವಿ ಆಗಿ ಬಂದಿಯೇನ?"

"ಹೂಂ, ಮೆಣಸಿನಕಾಯಿ ಚೀಲದ ಜೋಡಿ. ನಿನ್ನ ಗಂಡಗಿಂತ ಚಲೋ ಐತಿ, ಮಾತಾಡಂಗಿಲ್ಲ."

ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿರುವ ಮೇಡ್ಲೇರಿಯ ಹುಡುಗಿ ಸುಶ್ಮಿತಾ ಅಲ್ಲಿಯ ಕ್ವಾಲಿಟಿ ಇಂಜಿನಿಯರ್. ಅವಳು ಸಹಿ ಮಾಡದೆ ಮಾಲು ಹೊರಗೆ ಹೋಗುವಂತಿಲ್ಲ. ಕಳೆದ ವಾರ ಅವಳು ಮಾಲು ತಡೆದಳು. ನಳಿಗೆಗಳ ತುದಿಯಲ್ಲಿ ನಸುಗೆಂಪು ಕಲೆಯಿತ್ತು. ರೋಗಿಯ ನರಕ್ಕೆ ಸೇರುವ ತುದಿ ಅದು.

ಮಾಲೀಕ ವಿಜಯಮಹಾಂತೇಶ ಕಲೆ ನೋಡಿದವರೇ ತೀರ್ಪು ಕೊಟ್ಟರು: ಬ್ಯಾಡಗಿ ಹೆಂಗಸರ ಹೊಲಸು ಕೈ. ನಾಳೆಯಿಂದ ಅವರಿಗೆ ಕೆಲಸವಿಲ್ಲ. ಕಾರಣ ಇದೇ ಎಂದು ಸುಶ್ಮಿತಾ ಬರೆದುಕೊಡಬೇಕು.

ಸಂಜೆ ಹುಡುಗಿ ಊಟದ ತಾಟು ಪಕ್ಕಕ್ಕೆ ಸರಿಸಿ ನನ್ನ ಹತ್ತಿರ ಬಂದು ಕೂತಳು.

"ಅಜ್ಜಿ, ಜಯವ್ವನ ಕೈ ಕೆಂಪು ಖರೇ. ಆದ್ರ ದಿನಾ ಹೊಸಾ ಗ್ಲೌಸ್ ಹಾಕ್ಕೋತಾಳ. ಬಣ್ಣ ಒಳಗ ಉಳೀಬೇಕಲ್ಲ? ಹೊರಗ ಹೆಂಗ ಬಂತು?"

"ಆ ಹೆಣ್ಮಕ್ಕಳನ್ನ ಕೇಳೀಯೇನು?"

"ಇಲ್ರಿ. ಮಷೀನ್ ನೋಡ್ದೆ, ನೀರು ನೋಡ್ದೆ..." ಎಂದು ನಾಲಿಗೆ ಕಚ್ಚಿಕೊಂಡಳು.

ಮರುದಿನ ವಾಚ್‌ಮನ್ ಮೈಲಪ್ಪ ಬ್ಯಾಡಗಿಯವರಿಗೆ ಗೇಟು ತೆರೆಯಲಿಲ್ಲ. ತನ್ನ ಕುರ್ಚಿಯನ್ನು ಮಾತ್ರ ಹೊರಗೆ ತಂದಿಟ್ಟ.

"ಒಳಗ ಬಿಡಾಕ ಬರಂಗಿಲ್ಲ ಜಯವ್ವಾ. ನೆಳ್ಳಾಗರ ಕುಂದ್ರು."

ಸುಶ್ಮಿತಾ ಬಂದು ಕೈಗವಸಿನ ಬಗ್ಗೆ ಕೇಳಿದಳು. ಉತ್ತರ ಚಮನಬಿಯದು.

"ಹೊಸಾವು ಅಂತ ಕೊಡ್ತಾರ ಮೇಡಂ. ಹಾಕ್ಕೊಂಡ ಕೂಡ್ಲೇ ಸಡ್ಲ ಇರ್ತಾವು. ನಮ್ಮ ಹಣೇಬಾರಕ್ಕ ಬರೂವು ಹಂಗ ಇರ್ತಾವು ಅಂದ್ಕೊಂಡೀವಿ."

"ಸೀಲಿನ ಡಬ್ಬಿ ಅಂತ ನಾನೂ ಬಿಚ್ಚಿ ನೋಡ್ಲಿಲ್ಲ" ಎನ್ನುತ್ತ ಸುಶ್ಮಿತಾ ಒಳಗೆ ಓಡಿದಳು.

ಮಾಲೀಕರ ಕಾರು ಬಂದು ನಿಲ್ಲುವುದಕ್ಕೂ ಅವಳು ಕೈಗವಸಿನ ಡಬ್ಬಿ ಹಿಡಿದು ಬರುವುದಕ್ಕೂ ಸರಿಹೋಯಿತು. ಎಲ್ಲರೆದುರಿಗೇ ಸೀಲು ಒಡೆದಳು. ಒಂದು ಕೈಗವಸು ಎಳೆದು ಬಿಸಿಲಿಗೆ ಹಿಡಿದಳು. ಯಾರೂ ತೊಡದ ಹೊಸ ಕೈಗವಸಿನ ಬೆರಳ ತುದಿ ನಸುಗೆಂಪಾಗಿತ್ತು.

ಮಾಲೀಕರು ಬಳಸಿದ್ದನ್ನೇ ತೊಳೆಸಿ, ಒಳಮೈ ಹೊರಗೆ ಮಾಡಿಸಿ, ಮತ್ತೆ ಸೀಲು ಹಾಕಿಸುತ್ತಿದ್ದರು.

"ಅದು... ತಯಾರು ಮಾಡಿದಲ್ಲೇ ಹಂಗ ಬಂದಿರಬೇಕು" ಎಂದರು ಮಾಲೀಕರು.

"ಹೌದೇನ್ರಿ ಸಾವಕಾರ್ರ?" ಎಂದಳು ಚಮನಬಿ. "ಹಂಗಾರ ಬರೂ ದಾರ್ಯಾಗ ಬ್ಯಾಡಗ್ಯಾಗ ಇಳದು ತೊಟ್ಟು ಮುರದು ಬಂದಾವೇನು?"

ಗೇಟಿನಾಚೆಯೂ ಈಚೆಯೂ ನಗು ಎದ್ದಿತು. ಮೈಲಪ್ಪ ಗೋಡೆಗೆ ಮುಖ ಮಾಡಿ ಕೆಮ್ಮಿದ.

"ನಾ ಕಾರಣ ಬರೀತೇನ್ರಿ ಸರ್," ಸುಶ್ಮಿತಾ ಪೆನ್ನು ತೆಗೆದಳು. "ಬಳಸಿದ ಗ್ಲೌಸ್ ಮತ್ತ ಬಳಸ್ಯಾರ ಅಂತ."

"ನಿನ್ನ ಕೆಲಸಾನೂ ಹೋದೀತು, ನೋಡು!"

ಅಷ್ಟರಲ್ಲಿ ಒಳಗಿದ್ದವರೂ ಕೈಗವಸು ಕಿತ್ತು ಗೇಟಿನ ಬಳಿ ಬಂದಿದ್ದರು. "ಮೇಡಂ ಹೋದ್ರ ನಾವೂ ಹೋಕ್ಕೀವಿ. ಜಯವ್ವ ಒಳಗ ಬಂದ್ರ ಕೆಲಸ, ಖರೇ ಹೊಸಾ ಗ್ಲೌಸ್ ಬಂದ್ರ ಕೆಲಸ." ಯಾರು ಮೊದಲು ಹೇಳಿದರೋ ತಿಳಿಯಲಿಲ್ಲ, ಮುಗಿಸುವಾಗ ಎಲ್ಲರೂ ಹೇಳುತ್ತಿದ್ದರು.

ಆಸ್ಪತ್ರೆಯವರಿಗೆ ಆ ವಾರವೇ ಮಾಲು ಹೋಗಬೇಕಿತ್ತು. ಮಧ್ಯಾಹ್ನದೊಳಗೆ ಹಾವೇರಿಯಿಂದ ಹೊಸ ಡಬ್ಬಿಗಳು ಬಂದವು. ಗೇಟು ತೆರೆಯಿತು. ಮೈಲಪ್ಪ ಜಯವ್ವನಿಗೆ ಸಲಾಮು ಹೊಡೆದ.

"ಕಲೆ ಬಿದ್ದ ಮಾಲು ಅಲ್ಲೇ ಬಿಡ್ರಿ," ಎಂದರು ಮಾಲೀಕರು. "ನಾಳೆ ನಾನ ಸುಡಸ್ತೇನಿ."

ಸುಶ್ಮಿತಾ ಜಯವ್ವನ ಮುಖ ನೋಡಿದಳು.

"ನಾಳೆ ನಿಮಗ್ಯಾಕ್ರಿ ತ್ರಾಸು?" ಎಂದಳು ಜಯವ್ವ.

ಕೆಟ್ಟ ನಳಿಗೆ ಮತ್ತೆ ಮಾರಾಟವಾಗದಂತೆ ಕತ್ತರಿಸಿ ಹಾಕಬೇಕೆಂಬುದು ನಿಯಮವಂತೆ. ಪೆಟ್ಟಿಗೆಗಳು ಅಂಗಳಕ್ಕೆ ಬಂದವು. ಕತ್ತರಿ ಸಾಲದಾದಾಗ ನನ್ನದನ್ನೂ ಕೊಟ್ಟೆ. ಮಾಲೀಕರು ಕಾರಿನ ಬಾಗಿಲು ಹಿಡಿದು ನಿಂತೇ ಇದ್ದರು. ಜಯವ್ವ ಅವರಿಗೆ ಕೇಳುವಂತೆ ಕೂಗಿದಳು:

"ಇನ್ನಷ್ಟು ಸಣ್ಣಗ ಕತ್ತರಸ್ರೆವಾ, ಅಂಟಿಸಿ ಮಾರ್ಯಾರು!"